ಆಸ್ಪತ್ರೆಯ ನಂಜನ್ನು ಉಣ್ಣುವವರು ಯಾರು?

ನಂಜನಗೂಡಿನ ನಂಜುಂಡೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಇನ್ನೊಂದು ಹೆಸರಿದೆ. ಟಿಪ್ಪು ಸುಲ್ತಾನನ ಆನೆಯ ಕಣ್ಣಿಗೆ ಬೇನೆ ಬಂದು, ಇಲ್ಲಿ ಪೂಜೆ ಮಾಡಿಸಿದ ಮೇಲೆ ವಾಸಿಯಾಯಿತೆಂದೂ, ಸುಲ್ತಾನ ಪಚ್ಚೆಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಮನೆಂದು ಕರೆದನೆಂದೂ ಪ್ರತೀತಿ. ಕಾಯಿಲೆ ಕಳೆಯುವ ಈ ವೈದ್ಯನ ಹೆಸರಿನಲ್ಲೇ ವಿಷವಿದೆ. ನಂಜು ಉಂಡವನು ನಂಜುಂಡ. ಲೋಕ ಬದುಕಲೆಂದು ಹಾಲಾಹಲವನ್ನು ಕುಡಿದು ಗಂಟಲಲ್ಲೇ ತಡೆದು ನಿಲ್ಲಿಸಿಕೊಂಡವನು.

ಇಂದಿನ ಆಸ್ಪತ್ರೆಯೂ ಕಾಯಿಲೆ ಕಳೆಯುತ್ತದೆ, ಕಳೆಯುತ್ತಲೇ ನಂಜನ್ನೂ ಹುಟ್ಟಿಸುತ್ತದೆ. ರಕ್ತ ಮೆತ್ತಿದ ಹತ್ತಿ, ಚುಚ್ಚಿ ಬಿಸಾಡಿದ ಸೂಜಿ, ಪ್ಲಾಸ್ಟಿಕ್ ನಳಿಕೆ, ಅರಿವಳಿಕೆಯ ಅನಿಲ, ಮೂತ್ರದಲ್ಲಿ ಇಳಿದುಹೋಗುವ ಔಷಧ, ಜನರೇಟರಿನ ಹೊಗೆ. ಇದನ್ನೆಲ್ಲ ತಡೆದು ನಿಲ್ಲಿಸುವ ಗಂಟಲು ಆಸ್ಪತ್ರೆಗಿಲ್ಲ. ಹಾಗಾಗಿ ಅದು ಗಾಳಿಗೆ, ಮಣ್ಣಿಗೆ, ಹೊಳೆಗೆ ಹೋಗುತ್ತದೆ, ಸುತ್ತಿ ಬಳಸಿ ಇನ್ನೊಬ್ಬ ರೋಗಿಯ ಮೈಗೆ ಬರುತ್ತದೆ.

ಸಾವಿರ ಹಾಸಿಗೆಯ ಆಸ್ಪತ್ರೆಯೊಂದು ತನ್ನ ನಂಜನ್ನು ತಾನೇ ಅರಗಿಸಿಕೊಳ್ಳುವುದು ಹೇಗೆ? ಉತ್ತರ ಹುಡುಕಲು ಒಬ್ಬ ಅಜ್ಜಿಯ ಬೆನ್ನು ಹಿಡಿಯೋಣ. ಅಜ್ಜಿ ಕಲ್ಪನೆಯವರು, ಊರು ನಿಜದ್ದು: ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರ. 13ನೇ ಶತಮಾನದ ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯದ ಊರು. 2023ರಲ್ಲಿ ಆ ಗುಡಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಅಜ್ಜಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಈಗ ಬಲಗಣ್ಣಿಗೆ ಪೊರೆ. ಮೊಮ್ಮಗನ ಕೈ ಹಿಡಿದು ಮೈಸೂರಿನ ಬಸ್ಸು ಹತ್ತುತ್ತಾರೆ.

ಬಿಲ್ಲಿನಲ್ಲಿ ಇಲ್ಲದ ಲೆಕ್ಕ

ಬಸ್ಸು ಮೈಸೂರು ತಲಪುವಷ್ಟರಲ್ಲಿ ಒಂದಿಷ್ಟು ಲೆಕ್ಕ ನೋಡಿಬಿಡೋಣ. ಲೋಕದ ಒಟ್ಟು ಹಸಿರುಮನೆ ಅನಿಲಗಳಲ್ಲಿ ಆರೋಗ್ಯ ಕ್ಷೇತ್ರದ ಪಾಲು ಶೇ. 4.4 ಎಂದು ‘ಹೆಲ್ತ್ ಕೇರ್ ವಿದೌಟ್ ಹಾರ್ಮ್’ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಲೋಕದ ಆಸ್ಪತ್ರೆಗಳೆಲ್ಲ ಸೇರಿ ಒಂದು ದೇಶವಾಗಿದ್ದರೆ, ಹೊಗೆ ಉಗುಳುವುದರಲ್ಲಿ ಅದಕ್ಕೆ ಐದನೇ ಸ್ಥಾನ ಸಿಗುತ್ತಿತ್ತು. ಭಾರತದ ತಲಾ ಪಾಲು ಇದರಲ್ಲಿ ತೀರ ಕಡಿಮೆ. ಆದರೆ ನಾವು ತುಂಬ ಜನ, ಆಸ್ಪತ್ರೆಗಳೂ ವರ್ಷವರ್ಷ ಬೆಳೆಯುತ್ತಿವೆ.

ಈ ಲೆಕ್ಕದೊಳಗೆ ಇನ್ನೊಂದು ಲೆಕ್ಕವಿದೆ. ಆಸ್ಪತ್ರೆಯ ಹೊಗೆ ಎಂದರೆ ನಮ್ಮ ಕಣ್ಣಿಗೆ ಬರುವುದು ಜನರೇಟರು, ಬಾಯ್ಲರು, ಆಂಬುಲೆನ್ಸು, ಕರೆಂಟು. ಇವೆಲ್ಲ ಸೇರಿ ಆಗುವುದು ಶೇ. 29 ಮಾತ್ರ. ಉಳಿದ ಶೇ. 71 ಬರುವುದು ಆಸ್ಪತ್ರೆ ಕೊಳ್ಳುವ ಸಾಮಾನಿನ ಹಿಂದಿನಿಂದ: ಔಷಧ ತಯಾರಾದ ಕಾರ್ಖಾನೆ, ಗ್ಲೌಸು ಬಂದ ಹಡಗು, ಬಟ್ಟೆ, ಊಟ, ಉಪಕರಣ. ಹಾಗಾಗಿ ತಾರಸಿಯ ಮೇಲೆ ಸೌರಫಲಕ ಹಾಕಿ ‘ಹಸಿರು ಆಸ್ಪತ್ರೆ’ ಎಂದು ಬೋರ್ಡು ಬರೆಸಿದರೆ ಕೆಲಸ ಅರ್ಧವೂ ಆಗಿರುವುದಿಲ್ಲ. ಉಗ್ರಾಣದ ಖರೀದಿ ಪಟ್ಟಿಯನ್ನು ತೆರೆದು ನೋಡಬೇಕು.

ಕಿಟಕಿ ಎಂಬ ಯಂತ್ರ

ಮೈಸೂರಿನಲ್ಲಿ ಈಗಲೂ ಎರಡು ಬಗೆಯ ಆಸ್ಪತ್ರೆ ಕಟ್ಟಡಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಜನ ‘ದೊಡ್ಡಾಸ್ಪತ್ರೆ’ ಎನ್ನುವ ಕೆ.ಆರ್. ಆಸ್ಪತ್ರೆಯ ಹಳೆಯ ಭಾಗದಲ್ಲಿ ಎತ್ತರದ ಚಾವಣಿ, ಉದ್ದದ ಕಿಟಕಿಗಳಿವೆ. ಹೊಸ ಕಟ್ಟಡಗಳಲ್ಲಿ ತಗ್ಗು ಚಾವಣಿ, ತೆರೆಯಲಾಗದ ಗಾಜು, ಹಗಲಿಡೀ ಏಸಿ. ಹಳಬರು ಗಾಳಿಗೆ ಅಷ್ಟು ಬೆಲೆ ಕೊಡಲು ಕಾರಣವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳಿಗೆಂದೇ ಸ್ಯಾನಿಟೋರಿಯಂ ಎದ್ದಿತು. ಕ್ಷಯಕ್ಕೆ ಮದ್ದೇ ಇಲ್ಲದ ಕಾಲ ಅದು. ಸ್ಯಾನಿಟೋರಿಯಂ ಕಟ್ಟುವವರ ಕೈಲಿದ್ದ ಔಷಧಗಳು ಎರಡೇ, ಗಾಳಿ ಮತ್ತು ಬಿಸಿಲು.

ಅದು ಬರೀ ನಂಬಿಕೆಯಾಗಿರಲಿಲ್ಲ ಎಂಬುದಕ್ಕೆ ದೂರದ ಪೆರು ದೇಶದ ಲಿಮಾ ನಗರದಿಂದ ಪುರಾವೆ ಬಂತು. ಅಲ್ಲಿನ ಆಸ್ಪತ್ರೆ ಕೋಣೆಗಳಲ್ಲಿ ಗಾಳಿ ಎಷ್ಟು ಬೇಗ ಬದಲಾಗುತ್ತದೆ ಎಂದು ಅಳೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಲ್ಲಿ ಗಾಳಿ ಗಂಟೆಗೆ 12 ಸಲ ಹೊಸದಾಗುತ್ತದೆ. ಕಿಟಕಿ ತೆರೆದಿಟ್ಟ ಹೊಸ ಕಟ್ಟಡಗಳಲ್ಲಿ 17 ಸಲ. ಐವತ್ತು ವರ್ಷಕ್ಕೂ ಹಳೆಯ, ಎತ್ತರದ ಚಾವಣಿಯ ವಾರ್ಡುಗಳಲ್ಲಿ 40 ಸಲ! ಕ್ಷಯದಂತೆ ಗಾಳಿಯಲ್ಲಿ ಹರಡುವ ರೋಗಕ್ಕೆ ಕಿಟಕಿ ಅಗ್ಗದ ತಡೆ. ಕರೆಂಟೂ ಬೇಡ, ರಿಪೇರಿಯವನೂ ಬೇಡ.

ಆಪರೇಷನ್ ಥಿಯೇಟರಿಗೆ, ಐಸಿಯುಗೆ ಸೋಸಿದ ಗಾಳಿ ಬೇಕೇ ಬೇಕು, ಅಲ್ಲಿ ಏಸಿ ಇರಲಿ. ಆದರೆ ಓಪಿಡಿಯ ಮೊಗಸಾಲೆಗೆ, ಔಷಧ ಕೊಡುವ ಕಿಟಕಿಯ ಮುಂದಿನ ಸಾಲಿಗೆ, ಸಾಮಾನ್ಯ ವಾರ್ಡಿಗೆ ಮೈಸೂರಿನಂಥ ಹವೆಯಲ್ಲಿ ಏಸಿ ಯಾಕೆ? ನಮ್ಮ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಿಟಕಿ ತೆರೆದರೆ ಅಷ್ಟು ಉಳಿಯುತ್ತದೆ, ಸಾಲಿನಲ್ಲಿ ಕೆಮ್ಮುತ್ತಿರುವವರ ಪಕ್ಕದವರೂ ಉಳಿಯುತ್ತಾರೆ.

ಪೊರೆ ತೆಗೆದ ಕಣ್ಣು ಕಂಡದ್ದು

ಅಜ್ಜಿಯ ಸರದಿ ಬಂತು. ಕಣ್ಣಿನ ಪೊರೆಯ ಆಪರೇಷನ್ ಎಂದರೆ ಕನ್ನಡಿಗರಿಗೆ ನೆನಪಾಗುವ ಹೆಸರು ಡಾ. ಎಂ.ಸಿ. ಮೋದಿ. ಶಾಲೆ, ಛತ್ರಗಳನ್ನೇ ಆಸ್ಪತ್ರೆ ಮಾಡಿಕೊಂಡು ಊರೂರು ಸುತ್ತಿ ನೇತ್ರ ಶಿಬಿರ ನಡೆಸಿದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಜನರ ಪೊರೆ ತೆಗೆದರು. ಇದ್ದಷ್ಟರಲ್ಲಿ ಎಲ್ಲರಿಗೂ ಕಣ್ಣು ಕೊಡಬೇಕೆಂಬ ಆ ಹಟವನ್ನು ಇನ್ನೊಂದು ಬಗೆಯಲ್ಲಿ ಬೆಳೆಸಿದ್ದು ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮಧುರೆಯಲ್ಲಿ ಕಟ್ಟಿದ ಅರವಿಂದ ಕಣ್ಣಾಸ್ಪತ್ರೆ.

ಅರವಿಂದದವರು ಪರಿಸರ ಉಳಿಸಲು ಹೊರಟವರಲ್ಲ, ದುಡ್ಡು ಉಳಿಸಲು ಹೊರಟವರು. ಬಡವರಿಗೆ ಬಿಟ್ಟಿಯಾಗಿ ಆಪರೇಷನ್ ಮಾಡಬೇಕಿತ್ತು, ಒಂದೊಂದು ಕಾಸೂ ಲೆಕ್ಕಕ್ಕೆ ಬರುತ್ತಿತ್ತು. ಉಪಕರಣಗಳನ್ನು ಬಿಸಾಡದೆ ಹಬೆಯಲ್ಲಿ ಶುದ್ಧಮಾಡಿ ಮತ್ತೆ ಮತ್ತೆ ಬಳಸಿದರು. ಔಷಧದ ಒಂದು ಶೀಶೆಯನ್ನು ಹಲವರಿಗೆ ಹಂಚಿದರು. ಒಂದೇ ಕೋಣೆಯಲ್ಲಿ ಎರಡು ಮೇಜು ಹಾಕಿ, ಒಬ್ಬರದು ಮುಗಿಯುವ ಹೊತ್ತಿಗೆ ಇನ್ನೊಬ್ಬರು ಸಿದ್ಧರಿರುವಂತೆ ನೋಡಿಕೊಂಡರು. 2017ರಲ್ಲಿ ಸಂಶೋಧಕರು ಅಲ್ಲಿನ ಒಂದೊಂದು ಆಪರೇಷನ್ನಿನ ಕಸವನ್ನು ತೂಗಿ, ಇಂಗಾಲದ ಲೆಕ್ಕ ಹಾಕಿದರು. ಕಸ ಸುಮಾರು 250 ಗ್ರಾಂ. ಇಂಗಾಲ ಸುಮಾರು 6 ಕಿಲೋ. ಇದೇ ಆಪರೇಷನ್ನಿಗೆ ಬ್ರಿಟನ್ನಿನಲ್ಲಿ ಆಗುವುದರ ಬರೀ ಶೇ. 5. ಹಾಗೆಂದು ಸೋಂಕು ಹೆಚ್ಚಾಗಿತ್ತೇ? ಇಲ್ಲ, ಅದೂ ಶ್ರೀಮಂತ ದೇಶಗಳ ಆಸ್ಪತ್ರೆಗಳ ಸಮಕ್ಕೇ ಇತ್ತು.

ಈ ಬರಹದ ತಿರುಳೇ ಇಲ್ಲಿದೆ. ಬಳಸಿ ಬಿಸಾಡುವುದು ಎಂದರೆ ಶುದ್ಧ, ತೊಳೆದು ಬಳಸುವುದು ಎಂದರೆ ಬಡತನ ಎಂಬ ಭಾವನೆ ನಮ್ಮ ದೊಡ್ಡ ಆಸ್ಪತ್ರೆಗಳಿಗೆ ಅಂಟಿಕೊಂಡಿದೆ. ಒಗೆದು, ಆಟೋಕ್ಲೇವ್ ಮಾಡಿ, ಮಡಿಸಿಟ್ಟ ಹಸಿರು ಹತ್ತಿಬಟ್ಟೆಯ ಗೌನಿನ ಜಾಗಕ್ಕೆ ಪ್ಲಾಸ್ಟಿಕ್ ನಾರಿನ ಗೌನು ಬಂದಿದೆ. ಸೂಜಿ, ಸಿರಿಂಜು, ರಕ್ತ ಹರಿಯುವ ನಳಿಕೆ ಒಂದೇ ಸಲಕ್ಕೆ ಮುಗಿಯಬೇಕು, ಅದರಲ್ಲಿ ಚೌಕಾಶಿ ಇಲ್ಲ. ಆದರೆ ಗೌನು, ಹೊದಿಕೆ, ಸ್ಟೀಲ್ ಟ್ರೇ, ಕಿಡ್ನಿ ಬಟ್ಟಲು? ಇವನ್ನು ಹಬೆಗೆ ಒಪ್ಪಿಸಿದರೆ ಸಾಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 2018ರಲ್ಲಿ ತನ್ನ ಸಿಬ್ಬಂದಿಗೆ, ಅಗತ್ಯವಿಲ್ಲದ ಕಡೆ ಗ್ಲೌಸು ಹಾಕಬೇಡಿ, ಕೈ ತೊಳೆಯಿರಿ ಎಂದಷ್ಟೇ ಹೇಳಿಕೊಟ್ಟಿತು. ಒಂದು ವರ್ಷಕ್ಕೆ 21 ಟನ್ ಪ್ಲಾಸ್ಟಿಕ್ ಉಳಿಯಿತು. ನಮ್ಮಲ್ಲಿ ಬಡತನ ಕಲಿಸಿದ್ದ ಜಾಣತನವನ್ನು ನಾವು ಬಿಡುತ್ತಿರುವ ಹೊತ್ತಿಗೆ ಶ್ರೀಮಂತರು ಪಾಠ ಮಾಡಿಕೊಂಡು ಕಲಿಯುತ್ತಿದ್ದಾರೆ.

ಮೂಗಿಗೆ ತಾಗದ ಹೊಗೆ

ಅಜ್ಜಿಯ ಕಣ್ಣಿಗೆ ಹನಿ ಬಿಟ್ಟು ಮರಗಟ್ಟಿಸಿದ್ದರಿಂದ ಅವರಿಗೆ ಪೂರ್ತಿ ಅರಿವಳಿಕೆ ಬೇಕಾಗಲಿಲ್ಲ. ಪಕ್ಕದ ಥಿಯೇಟರಿನಲ್ಲಿ ಹೊಟ್ಟೆಯ ಆಪರೇಷನ್ ನಡೆದಿದೆ, ಅಲ್ಲಿ ರೋಗಿಗೆ ಅನಿಲ ಉಸಿರಾಡಿಸಿ ಮಲಗಿಸಿದ್ದಾರೆ. ಆ ಅನಿಲ ಹೋಗುವುದೆಲ್ಲಿಗೆ? ಡೆಸ್‌ಫ್ಲುರೇನ್ ಎಂಬ ಅರಿವಳಿಕೆಯನ್ನು ಮೈ ಅರಗಿಸುವುದೇ ಇಲ್ಲ ಎನ್ನಬಹುದು. ಬಂದ ಹಾಗೆಯೇ ಉಸಿರಿನಲ್ಲಿ ಹೊರಗೆ ಬಂದು, ಕೊಳವೆ ಹಿಡಿದು, ತಾರಸಿಯಿಂದ ಆಕಾಶಕ್ಕೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,500 ಪಟ್ಟು ಶಾಖ ಹಿಡಿಯುತ್ತದೆ. ಅಂಗೈಯಲ್ಲಿ ಹಿಡಿಯುವ 240 ಮಿಲಿಲೀಟರಿನ ಒಂದು ಬಾಟಲು ಮುಕ್ಕಾಲು ಟನ್ನಿಗೂ ಹೆಚ್ಚು ಇಂಗಾಲಕ್ಕೆ ಸಮ.

ಅದೇ ಕೆಲಸ ಮಾಡುವ ಸೆವೊಫ್ಲುರೇನ್ ಶಾಖ ಹಿಡಿಯುವುದು 130 ಪಟ್ಟು ಮಾತ್ರ. ಹೀಗಾಗಿ 2023ರಲ್ಲಿ ಸ್ಕಾಟ್ಲೆಂಡ್ ತನ್ನ ಸರ್ಕಾರಿ ಆಸ್ಪತ್ರೆಗಳಿಂದ ಡೆಸ್‌ಫ್ಲುರೇನನ್ನು ಹೊರಗಿಟ್ಟಿತು, ಮರುವರ್ಷ ಇಂಗ್ಲೆಂಡೂ ಅದೇ ದಾರಿ ಹಿಡಿಯಿತು. ನೈಟ್ರಸ್ ಆಕ್ಸೈಡಿನ ಕತೆ ಇನ್ನೂ ವಿಚಿತ್ರ. ಅಲ್ಲಿ ರೋಗಿಗೆ ಮುಟ್ಟಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಅನಿಲ ಗೋಡೆಯೊಳಗಿನ ಪೈಪುಗಳಲ್ಲೇ ಸೋರುತ್ತಿತ್ತು. ಪೈಪು ಮುಚ್ಚಿ, ಬೇಕಾದಾಗ ಸಣ್ಣ ಸಿಲಿಂಡರ್ ತಂದರೆ ಸೋರಿಕೆ ನಿಲ್ಲುತ್ತದೆ. ರೋಗಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅರಿವಳಿಕೆ ತಜ್ಞರು ಅನಿಲದ ಹರಿವು ತಗ್ಗಿಸುವುದು, ಸಾಧ್ಯವಾದ ಕಡೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸುವುದು, ಇವಕ್ಕೆ ಹೊಸ ಯಂತ್ರವೂ ಬೇಡ, ಟೆಂಡರೂ ಬೇಡ.

ನಾಲ್ಕು ಬಣ್ಣದ ವಿದ್ಯೆ

ಅಜ್ಜಿಯ ಕಣ್ಣಿಗೆ ಪಟ್ಟಿ ಕಟ್ಟಿ ಸಿಸ್ಟರ್ ಪಕ್ಕಕ್ಕೆ ತಿರುಗಿದರು. ಕೈಯಲ್ಲಿ ರಕ್ತದ ಹತ್ತಿ, ಸಿರಿಂಜು, ಸೂಜಿ, ಗಾಜಿನ ಶೀಶೆ, ಗ್ಲೌಸಿನ ಪೊಟ್ಟಣದ ಕಾಗದ. ಮುಂದಿನ ಐದು ಸೆಕೆಂಡು ಆಸ್ಪತ್ರೆಯ ಪರಿಸರ ನೀತಿಯೆಲ್ಲ ಅವರ ಬೆರಳ ತುದಿಯಲ್ಲಿರುತ್ತದೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹತ್ತಿ ಹಳದಿ ಚೀಲಕ್ಕೆ, ಅಲ್ಲಿಂದ ಸುಡುವ ಕುಲುಮೆಗೆ. ಸೂಜಿ ಕಳಚಿದ ಸಿರಿಂಜು, ಡ್ರಿಪ್ಪಿನ ನಳಿಕೆ, ಬಾಟಲು ಕೆಂಪು ಚೀಲಕ್ಕೆ. ಅವು ಹಬೆಯಲ್ಲಿ ಬೆಂದು, ಚೂರಾಗಿ, ಮತ್ತೆ ಪ್ಲಾಸ್ಟಿಕ್ ಆಗುತ್ತವೆ. ಸೂಜಿ, ಬ್ಲೇಡು ಚುಚ್ಚಿ ತೂತಾಗದ ಬಿಳಿ ಡಬ್ಬಕ್ಕೆ. ಗಾಜು ನೀಲಿಗೆ. ಕಾಗದ ಈ ನಾಲ್ಕಕ್ಕೂ ಸೇರದು, ಅದು ಮನೆಯ ಕಸದಂತೆಯೇ.

ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ. 85 ಹೀಗೆ ನಿರಪಾಯದ ಕಸ, ಶೇ. 15 ಮಾತ್ರ ಅಪಾಯದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ವಾರ್ಡಿನ ನೂರು ಕಿಲೋ ಕಸದಲ್ಲಿ ಹದಿನೈದು ಕಿಲೋ ಅಪಾಯದ್ದು ಎಂದಿಟ್ಟುಕೊಳ್ಳಿ. ಎರಡನ್ನೂ ಬೆರೆಸಿದಿರೋ, ನೂರೂ ಕಿಲೋ ಅಪಾಯದ್ದೇ. ಒಂದು ಚಮಚ ವಿಷ ಬಿದ್ದ ಕೊಳಗದ ಹಾಲಿನಂತೆ.

ಬೆರಕೆಯ ಅಪಾಯ ಅಲ್ಲಿಗೇ ಮುಗಿಯದು. ಹಳದಿ ಚೀಲಕ್ಕೆ ತಪ್ಪಿ ಪಿವಿಸಿ ನಳಿಕೆ ಬಿತ್ತೆನ್ನಿ. ಪಿವಿಸಿಯ ಅರ್ಧಕ್ಕೂ ಹೆಚ್ಚು ತೂಕ ಕ್ಲೋರಿನ್. ಸುಟ್ಟ ಹೊಗೆ ಚಿಮಣಿಯ ಕಡೆ ಹೋಗುತ್ತ ತಣ್ಣಗಾಗುವಾಗ, 450ರಿಂದ 200 ಡಿಗ್ರಿಯ ನಡುವೆ, ಮಸಿಯ ಕಣಗಳ ಮೇಲೆ ಇಂಗಾಲ ಮತ್ತು ಕ್ಲೋರಿನ್ ಕೂಡಿ ಡಯಾಕ್ಸಿನ್ ಹುಟ್ಟುತ್ತದೆ. ಹಾಲು ಹೆಪ್ಪಾಗಲು ಹದದ ಶಾಖ ಬೇಕಲ್ಲ, ಕುದಿಯುವ ಹಾಲಿಗೂ ಹೆಪ್ಪು ಹತ್ತದು, ತಣ್ಣನೆ ಹಾಲಿಗೂ ಹತ್ತದು. ಡಯಾಕ್ಸಿನ್ ಹೆಪ್ಪುಗಟ್ಟುವ ಹದ ಇದು. ಆದ್ದರಿಂದಲೇ ಕುಲುಮೆಗೆ ಎರಡು ಕೋಣೆ ಇರಬೇಕು, ಎರಡನೆಯದರಲ್ಲಿ ಹೊಗೆ ಸುಮಾರು 1,050 ಡಿಗ್ರಿಯಲ್ಲಿ ಎರಡು ಸೆಕೆಂಡಾದರೂ ನಿಲ್ಲಬೇಕು ಎನ್ನುತ್ತದೆ ನಿಯಮ. ಆಮೇಲೆ ಆ ಹೆಪ್ಪಿನ ಹದವನ್ನು ಹೊಗೆ ಸರಕ್ಕನೆ ದಾಟುವಂತೆ ತಣಿಸಬೇಕು. ಚಿಮಣಿಯಿಂದ ಹೊರಬರುವ ಡಯಾಕ್ಸಿನ್ನಿಗೆ ಇರುವ ಮಿತಿ ಒಂದು ಘನ ಮೀಟರಿಗೆ 0.1 ನ್ಯಾನೋಗ್ರಾಂ, ಅಂದರೆ ಗ್ರಾಮಿನ ಸಾವಿರ ಕೋಟಿಯ ಒಂದು ಪಾಲು. ಇಷ್ಟೆಲ್ಲ ಕಟ್ಟುನಿಟ್ಟಿನ ಯಂತ್ರಕ್ಕಿಂತ ಸಿಸ್ಟರ್ ಬೆರಳು ಅಗ್ಗ. ನಳಿಕೆ ಕೆಂಪಿಗೆ ಬಿದ್ದರೆ ಡಯಾಕ್ಸಿನ್ನಿನ ಮಾತೇ ಇಲ್ಲ.

ಅದೇ ನಿಯಮ ಪ್ರತಿ ಚೀಲದ ಮೇಲೂ ಬಾರ್‌ಕೋಡ್ ಇರಬೇಕೆನ್ನುತ್ತದೆ. ಸೋಮನಾಥಪುರದ ಗುಡಿಯ ಗೋಡೆಯಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕೆತ್ತಿದ ವಿಗ್ರಹಗಳ ಅಡಿಯಲ್ಲಿ ಹತ್ತಾರು ಕಡೆ ಹೆಸರು ಬರೆದಿದ್ದಾನೆ, ಇದು ನನ್ನ ಕೈಕೆಲಸ ಎಂದು. ಕಸದ ಚೀಲದ ಬಾರ್‌ಕೋಡೂ ಅಂಥದೇ ಅಂಕಿತ. ಚೀಲ ರಸ್ತೆ ಬದಿಯಲ್ಲಿ ಸಿಕ್ಕರೆ ಅದು ಯಾರ ಕೈಕೆಲಸ ಎಂದು ಗೊತ್ತಾಗುತ್ತದೆ.

ಕೂಡಲಿಗೆ ಹೋಗುವ ನೀರು

ದೊಡ್ಡ ಆಸ್ಪತ್ರೆಗೆ ಹಾಸಿಗೆಗೆ ದಿನಕ್ಕೆ 450 ಲೀಟರ್ ನೀರು ಬೇಕೆಂಬುದು ಭಾರತೀಯ ಮಾನಕ. ಸಾವಿರ ಹಾಸಿಗೆಗೆ 4.5 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರುಗಳಾದರೆ 75. ಹೆಚ್ಚುಕಡಿಮೆ ಅಷ್ಟೂ ಕೊಳಕಾಗಿ ಹೊರಬರುತ್ತದೆ. ಸಂಸ್ಕರಿಸಿದರೆ ಕಕ್ಕಸಿಗೆ, ಗಿಡಕ್ಕೆ, ಏಸಿಯ ಕೂಲಿಂಗ್ ಟವರಿಗೆ ಮತ್ತೆ ಬಳಸಬಹುದು. ಡಯಾಲಿಸಿಸ್ ವಿಭಾಗದಲ್ಲಂತೂ ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಅತಿ ಶುದ್ಧ ನೀರು ಬೇಕು. ಅದನ್ನು ಸೋಸುವಾಗ ಆರ್‌ಓ ಯಂತ್ರ ಹೊರಚೆಲ್ಲುವ ನೀರು ರೋಗಿಯನ್ನು ಮುಟ್ಟಿಯೂ ಇರುವುದಿಲ್ಲ. ಅದನ್ನು ಚರಂಡಿಗೆ ಬಿಡುವುದು ಶುದ್ಧ ದಂಡ.

ಕಣ್ಣಿಗೆ ಕಾಣದ ಕೊಳೆ ಬೇರೆಯೇ ಇದೆ. ನಮ್ಮ ಅಜ್ಜಿ ಸಕ್ಕರೆ ಕಾಯಿಲೆಗೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮೈ ಒಡೆಯುವುದಿಲ್ಲ. ತನ್ನ ಕೆಲಸ ಮುಗಿಸಿ ಅದು ಇದ್ದ ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ. 104 ದೇಶಗಳ 258 ನದಿಗಳ ನೀರನ್ನು ಪರೀಕ್ಷಿಸಿದ 2022ರ ಅಧ್ಯಯನದಲ್ಲಿ, ನೀರು ಹಿಡಿದ ಜಾಗಗಳ ಅರ್ಧಕ್ಕೂ ಹೆಚ್ಚು ಕಡೆ ಮೆಟ್‌ಫಾರ್ಮಿನ್ ಸಿಕ್ಕಿತು. ಆಂಟಿಬಯಾಟಿಕ್‌ಗಳದು ಇನ್ನೂ ಗಂಭೀರ ಕತೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಸಂಸ್ಕರಿಸಿ ಬಿಡುವ ಜಾಗದಲ್ಲಿ, ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದದ್ದನ್ನು 2007ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಅಂಥ ನೀರಿನಲ್ಲಿ ಬದುಕಿ ಉಳಿಯುವ ರೋಗಾಣು ಔಷಧಕ್ಕೆ ಜಗ್ಗದ್ದೇ ಆಗಿರುತ್ತದೆ, ಕೊನೆಗೆ ಮರಳಿ ಐಸಿಯುಗೇ ಬರುತ್ತದೆ.

ಇಂಥ ಕೊಳೆ ಹೊಳೆ ಸೇರಿದರೆ ಎಲ್ಲಿಗೆ ಹೋಗುತ್ತದೆ? ನಮ್ಮ ಹೊಳೆಯ ದಾರಿ ನೆನಪಿಸಿಕೊಳ್ಳಿ. ವಯನಾಡಿನಲ್ಲಿ ಹುಟ್ಟಿದ ಕಪಿಲೆ, ಅಂದರೆ ಕಬಿನಿ, ಸರಗೂರು, ನಂಜನಗೂಡು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಮಲಿನ ನದಿ ಹರಿವುಗಳಲ್ಲಿ ನಂಜನಗೂಡಿನ ಬಳಿಯ ಕಬಿನಿಯೂ ಇತ್ತು. ಕೂಡಿದ ಹೊಳೆ ತಲಕಾಡನ್ನು ಬಳಸಿ ಮುಂದೆ ಹೋಗುತ್ತದೆ, ಅದರ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾಗಿ ಬೆಂಗಳೂರಿನ ನಲ್ಲಿಗೆ ಏರುತ್ತದೆ. ಕೂಡಲಿನಲ್ಲಿ ಮೀಯುವವರಿಗೆ ಎರಡು ನೀರು ಬೆರೆಯುವುದೇ ಪುಣ್ಯ. ಆಸ್ಪತ್ರೆಯಲ್ಲಿ ನಂಜು ಹುಟ್ಟುವುದೇ ಬೆರಕೆಯಿಂದ. ತೊರೆಕಾಡನಹಳ್ಳಿಯಲ್ಲಿ ನೀರಿಗೆ ಬೆರೆಸುವ ಆಲಂನಿಂದ ಕೆಸರು ಹೋಗುತ್ತದೆ, ಕ್ಲೋರಿನ್ನಿನಿಂದ ರೋಗಾಣು ಸಾಯುತ್ತದೆ. ಕರಗಿದ ಔಷಧವನ್ನು ತೆಗೆಯಲೆಂದು ಆ ವ್ಯವಸ್ಥೆಯನ್ನು ಕಟ್ಟಿದ್ದಲ್ಲ.

ಮರಳಿ ಊರಿಗೆ

ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಬಂದರು. ಅವರ ಮುಂದೆ ಈಗ ಎರಡು ದಾರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಕ್ಕರೆ, ಬಿಪಿ ನೋಡಿಸಿಕೊಂಡು, ಮಾತ್ರೆ ತಪ್ಪದೆ ನುಂಗಿದರೆ ಮೂತ್ರಪಿಂಡ ಉಳಿಯುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ಕೆಲವು ವರ್ಷದಲ್ಲಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾಗಬಹುದು. ಪ್ರತಿ ಸಲವೂ 120 ಲೀಟರ್ ನೀರು, ನಾಲ್ಕು ಗಂಟೆ ಕರೆಂಟು, ಕೆಂಪು ಚೀಲ ತುಂಬ ನಳಿಕೆ. ಯಾವ ಸೌರಫಲಕವೂ ಉಳಿಸಲಾಗದ್ದನ್ನು ಒಂದು ಮಾತ್ರೆ ಉಳಿಸುತ್ತದೆ. ದೊಡ್ಡ ಆಸ್ಪತ್ರೆಯನ್ನು ಹಸಿರಾಗಿಸುವ ಕೆಲಸ ಶುರುವಾಗುವುದು ಸಣ್ಣ ಆಸ್ಪತ್ರೆಯಿಂದ. ರಾಜ್ಯದ 5,000 ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಕೊಡಲು ಸರ್ಕಾರ ಸೆಲ್ಕೋ ಫೌಂಡೇಷನ್ ಜೊತೆ ಹಮ್ಮಿಕೊಂಡ ‘ಸೌರ ಸ್ವಾಸ್ಥ್ಯ’ ಯೋಜನೆಯ ಬೆಲೆ ಇರುವುದು ಇಲ್ಲೇ. ಕರೆಂಟು ಹೋದರೂ ಲಸಿಕೆಯ ಫ್ರಿಜ್ಜು ಓಡುತ್ತದೆ, ಹೆರಿಗೆ ಕೋಣೆಯ ದೀಪ ಉರಿಯುತ್ತದೆ, ಜನ ಮೈಸೂರಿನ ಬಸ್ಸು ಹತ್ತುವುದು ತಪ್ಪುತ್ತದೆ.

ನಮ್ಮ ಪಾಲೂ ಇದೆ. ಸುಸ್ತು ಎಂದರೆ ‘ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ’, ಜ್ವರ ಎಂದರೆ ‘ಸೂಜಿ ಚುಚ್ಚಿ, ಮಾತ್ರೆ ಬೇಡ’ ಎನ್ನುವವರು ನಾವೇ. ಬಾಯಲ್ಲಿ ನುಂಗಲು ಆಗುವವರಿಗೆ ಡ್ರಿಪ್ಪು ಬೇಕಾಗುವುದು ಅಪರೂಪ. ಅದಕ್ಕೊಂದು ಬಾಟಲು, ಒಂದು ನಳಿಕೆ, ಒಂದು ಸೂಜಿ, ಅಂಟುಪಟ್ಟಿ, ಹತ್ತಿ. ಮಾತ್ರೆಗೆ ಒಂದು ಲೋಟ ನೀರು. ವೈದ್ಯರು ಮಾತ್ರೆ ಸಾಕು ಎಂದರೆ ಒಪ್ಪಿಕೊಳ್ಳಿ. ಕೊಟ್ಟ ಆಂಟಿಬಯಾಟಿಕ್ಕನ್ನು ಹೇಳಿದಷ್ಟು ದಿನ ತೆಗೆದುಕೊಳ್ಳಿ, ಹಳೆಯ ಮಾತ್ರೆಗಳನ್ನು ಕಕ್ಕಸಿಗೆ ಹಾಕಬೇಡಿ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದರೆ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬದಲ್ಲಿ ಕೂಡಿಸಿ ಆಸ್ಪತ್ರೆಗೆ ಒಪ್ಪಿಸಿ. ನಿಮ್ಮ ಕಸ ವಿಂಗಡಿಸುವ ಪೌರಕಾರ್ಮಿಕರಿಗೆ ಇರುವುದು ಬರಿಗೈ. ಮುಂದಿನ ಸಲ ಯಾರನ್ನಾದರೂ ನೋಡಲು ವಾರ್ಡಿಗೆ ಹೋದಾಗ, ಬಾಳೆಹಣ್ಣಿನ ಸಿಪ್ಪೆಯನ್ನು ಹಳದಿ ಚೀಲಕ್ಕೆ ಹಾಕಬೇಡಿ.